ಒಂದೇ ಕೋಲಿನ ವರ್ಲನ್

ನನ್ನ ಅಂಗಡಿಗೆ ವರ್ಲನ್ ಸ್ಟಬಲ್‌ಫೀಲ್ಡ್‌ನಷ್ಟು ಕೇಡು ಮಾಡಿದ ಗಿರಾಕಿ ಇನ್ನೊಬ್ಬನಿಲ್ಲ. ಅವನು ಕದಿಯುತ್ತಿರಲಿಲ್ಲ, ಚೌಕಾಸಿ ಮಾಡುತ್ತಿರಲಿಲ್ಲ. ಕೊಳ್ಳುತ್ತಿರಲಿಲ್ಲ, ಅಷ್ಟೆ. ಟಲ್ಲಿವಾ ಕೆರೆಯ ದಡದಲ್ಲಿ ಗಾಳದ ಸಾಮಾನು ಮಾರುತ್ತಾ ನಾನು ತಲೆ ನರೆಸಿಕೊಂಡಿದ್ದೇನೆ. ನನ್ನ ಗೋಡೆಯ ಮೇಲೆ ಆರುನೂರು ಬಗೆಯ ಹುಸಿಮೀನುಗಳು ತೂಗುತ್ತವೆ. ಬೆಳ್ಳಿ ಬಣ್ಣದವು, ಕಪ್ಪೆಯ ಕಾಲು ಹಚ್ಚಿದವು, ಹೊಟ್ಟೆಯೊಳಗೆ ಗುಂಡು ಗಲಗಲ ಅನ್ನುವವು. ಇವುಗಳಲ್ಲಿ ಎಷ್ಟಕ್ಕೆ ಮೀನು ಬೀಳುತ್ತದೆ ಎಂದು ಮಾತ್ರ ಕೇಳಬೇಡಿ; ನನ್ನ ಮನೆಯ ಮಾಡು ನಿಂತಿರುವುದು ಅವುಗಳ ಮೇಲೆ.

ವರ್ಲನ್ ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಒಂದು ಸಲ ಒಳಗೆ ಬರುತ್ತಿದ್ದ. ನೇರಳೆ ಬಣ್ಣದ ರಬ್ಬರ್ ಹುಳಗಳ ಒಂದು ಪೊಟ್ಟಣ ತೆಗೆದುಕೊಂಡು, ಬೇಯಿಸಿದ ಶೇಂಗಾ ಒಂದು ಹಿಡಿ ತಿಂದು, ಹೋಗುತ್ತಿದ್ದ. ಇಡೀ ವರ್ಷಕ್ಕೆ ಅಷ್ಟೇ ವ್ಯಾಪಾರ. ಅವನ ಹತ್ತಿರ ಇದ್ದದ್ದು ಒಂದೇ ಗಾಳದ ಕೋಲು, ಹಿಡಿಗೆ ಕಪ್ಪು ಟೇಪು ಸುತ್ತಿದ್ದು. ಹುಳ ಬಿಟ್ಟರೆ ಇನ್ನೊಂದು ಹುಸಿಮೀನು, ಹೆಬ್ಬೆರಳುದ್ದ, ಬಣ್ಣವೆಲ್ಲ ಹೋಗಿ ಬರಿ ಮರ ಕಾಣುತ್ತಿದ್ದದ್ದು. ಅದನ್ನು ಅವನ ತಮ್ಮ ಡಾಯ್ಲ್ ಹಳೆಯ ಬೇಲಿಗೂಟದ ಸೀಡರ್ ಮರದಿಂದ ಕೆತ್ತಿದ್ದ. ದೋಣಿಯೋ, ಎಂಜಿನ್ ಇಲ್ಲದ ಚಪ್ಪಟೆ ತಗಡಿನದು, ಎರಡು ಹುಟ್ಟಿನದು. ನನ್ನ ಹತ್ತಿರ ಮೂವತ್ತೊಂದು ಕೋಲುಗಳಿವೆ. ಒಂದು ವರ್ಷದಲ್ಲಿ ನಾನು ಹಿಡಿಯುವಷ್ಟು ಬ್ಯಾಸ್ ಮೀನನ್ನು ಅವನು ಒಂದು ಶನಿವಾರ ತಿಂಡಿಗೆ ಮೊದಲೇ ಹಿಡಿದು ವಾಪಸು ಬಿಡುತ್ತಿದ್ದ.

"ಇನ್ನೊಂದು ಕೋಲು ತಗೋ ಮಾರಾಯ," ಎಂದು ನಾನು ಹೇಳುತ್ತಿದ್ದೆ. "ಒಂದು ಮುರಿದ್ರೆ?"

"ಮುರಿದ್ರೆ ಮನೆಗೆ ಹೋಗ್ತೀನಿ."

"ಮೀನಿಗೆ ಬೇಜಾರಾಗಲ್ವಾ, ಇಪ್ಪತ್ತು ವರ್ಷದಿಂದ ಅದೇ ನೇರಳೆ ಹುಳ ನೋಡಿ ನೋಡಿ?"

"ನಿನ್ನ ಮುಖಾನೂ ಅಷ್ಟೇ ವರ್ಷದಿಂದ ನೋಡ್ತಿದೀನಿ, ಹೋಯ್ಟ್. ನಾನೇನಾದ್ರೂ ಅಂದ್ನಾ?"

ಊರಿನವರೆಲ್ಲ ಅವನನ್ನು ಜುಗ್ಗ ಎನ್ನುತ್ತಿದ್ದರು. ನಾನು ಜ್ಞಾನಿ ಎಂದುಕೊಂಡಿದ್ದೆ. ಎರಡೂ ತಪ್ಪು. ನಿಜವಾದ ಕಾರಣ ನನಗೆ ಗೊತ್ತಾದದ್ದು 1998ರ ಏಪ್ರಿಲ್‌ನಲ್ಲಿ, ಅಗ್ನಿಶಾಮಕ ಠಾಣೆಯ ಹಿಂದಿನ ಕೋಣೆಯಲ್ಲಿ. ಆದರೆ ಓದುವವರನ್ನು ಕಾಯಿಸಿ ಆಟ ಆಡಿಸುವುದು ಅಂಗಡಿಯವನಿಗೆ ಹೇಳಿದ್ದಲ್ಲ. ಈಗಲೇ ಹೇಳಿಬಿಡುತ್ತೇನೆ.

1979ರಲ್ಲಿ ವರ್ಲನ್‌ಗೆ ನಲವತ್ತೊಂದು, ಡಾಯ್ಲ್‌ಗೆ ಮೂವತ್ತಾರು. ಆಗ ವರ್ಲನ್ ನನ್ನ ಚಿನ್ನದಂಥ ಗಿರಾಕಿ. ಹೊಳೆಯುವ ಕೆಂಪು ಫೈಬರ್ ದೋಣಿ, ಹಿಂದೆ ದೊಡ್ಡ ಎಂಜಿನ್, ಹಲಗೆಯ ಮೇಲೆ ಸಾಲಾಗಿ ಹನ್ನೆರಡು ಕೋಲುಗಳು, ಒಂದೊಂದಕ್ಕೂ ಒಂದೊಂದು ಹುಸಿಮೀನು, ಒಂದೊಂದು ಮೀನಿನ ಹೊಟ್ಟೆಯಲ್ಲೂ ಮೂರು ಮುಳ್ಳಿನ ಕೊಕ್ಕೆಗಳು. ಇಂಥ ದೋಣಿಗಳಲ್ಲಿ ಒಂದು ಕೆಂಪು ಸುರುಳಿ ದಾರ ಇರುತ್ತದೆ. ಅದರ ಒಂದು ತುದಿ ಓಡಿಸುವವನ ಮೈಗೆ, ಇನ್ನೊಂದು ತುದಿ ಎಂಜಿನ್ ಆರಿಸುವ ಗುಂಡಿಯಡಿ ಸಿಕ್ಕಿಸಿದ ಕೊಂಡಿಗೆ. ಓಡಿಸುವವನು ನೀರಿಗೆ ಬಿದ್ದರೆ ದಾರ ಎಳೆದು ಕೊಂಡಿ ಕಳಚಿ ಎಂಜಿನ್ ಆರುತ್ತದೆ. ಆರದಿದ್ದರೆ ಆಳಿಲ್ಲದ ದೋಣಿ ನೇರ ಹೋಗುವುದಿಲ್ಲ. ಸುತ್ತು ಹಾಕಿ, ಬಿದ್ದವನ ಹತ್ತಿರವೇ ತಿರುಗಿ ಬರುತ್ತದೆ.

ಆ ಬೆಳಿಗ್ಗೆ ಅಣ್ಣತಮ್ಮಂದಿರು ಮೀನು ಹಿಡಿಯುವ ಸ್ಪರ್ಧೆಗೆ ಹೋಗಿದ್ದರು. ಹನ್ನೆರಡು ಕೋಲುಗಳ ನಡುವೆ ದಾರ ಸಿಕ್ಕಿಕೊಂಡು ಎಂಜಿನ್ ನಾಲ್ಕು ಸಲ ಆರಿತು. ನಾಲ್ಕನೆಯ ಸಲ ವರ್ಲನ್ ಬೈದು, ದಾರವನ್ನು ಕಿತ್ತು ಪೆಟ್ಟಿಗೆಗೆ ಎಸೆದು, ಗುಂಡಿಯ ಕೆಳಗೆ ಒಂದು ಬಿಡಿ ಕೊಂಡಿ ತುರುಕಿದ. ಬಿಡಿ ಕೊಂಡಿ ಇದ್ದರೆ ದಾರವಿಲ್ಲದೆಯೂ ಎಂಜಿನ್ ಓಡುತ್ತದೆ. ನಮ್ಮ ಕೆರೆಯಲ್ಲಿ ಅರ್ಧಕ್ಕರ್ಧ ಜನ ಹಾಗೆಯೇ ಮಾಡುತ್ತಿದ್ದರು. ವಾಪಸು ಬರುವಾಗ ಚುಕ್ಕಾಣಿಗೆ ಕೂತವನು ಡಾಯ್ಲ್. ದಾರ ಎಲ್ಲಿ ಎಂದು ಅವನು ಕೇಳಿದ. ಮೀನು ತೂಗಿಸಲು ಹೊತ್ತಾಯಿತು, ಅದಿಲ್ಲದೆಯೂ ನಡೆಯುತ್ತದೆ, ಹೋಗು ಎಂದ ಅಣ್ಣ.

ನೀರಿನ ಮಟ್ಟಕ್ಕೆ ನಿಂತಿದ್ದ ಒಂದು ಮರದ ಮೋಟಿಗೆ ದೋಣಿ ಬಡಿಯಿತು. ಡಾಯ್ಲ್ ಆಚೆ ನೀರಿಗೆ ಬಿದ್ದ. ವರ್ಲನ್ ಈಚೆ, ಕೋಲುಗಳ ಮೇಲೆ ಬಿದ್ದ. ಹನ್ನೆರಡು ನೂಲು, ಲೆಕ್ಕವಿಲ್ಲದಷ್ಟು ಕೊಕ್ಕೆ. ಅಂಗೈಯಲ್ಲಿ, ತೋಳಿನಲ್ಲಿ, ಬೆನ್ನಿನ ಬಟ್ಟೆಯಲ್ಲಿ ನೆಟ್ಟುಕೊಂಡವು. ಎಂಜಿನ್ನಿನ ಕೀಲಿ ಕೈಗೆಟುಕುವ ದೂರದಲ್ಲೇ ಇತ್ತು. ಚರ್ಮ ಹರಿದುಕೊಂಡು ಅವನು ಅದನ್ನು ಮುಟ್ಟುವಷ್ಟರಲ್ಲಿ ದೋಣಿ ಡಾಯ್ಲ್‌ನ ಮೇಲೆ ಎರಡು ಸುತ್ತು ಸುತ್ತಿ ಮುಗಿಸಿತ್ತು.

ರಕ್ಷಣೆಯವರ ದೋಣಿ ಬರುವ ಮೊದಲು ವರ್ಲನ್ ಬಿಡಿ ಕೊಂಡಿಯನ್ನು ಕೆರೆಗೆ ಎಸೆದ. ಪೆಟ್ಟಿಗೆಯಿಂದ ದಾರ ತೆಗೆದು ಗುಂಡಿಗೆ ಸಿಕ್ಕಿಸಿ ನೇತುಬಿಟ್ಟ. ಬಂದವರು ನೋಡಿ ಬರೆದುಕೊಂಡರು: ದಾರವಿತ್ತು, ಓಡಿಸುವವನು ಕಟ್ಟಿಕೊಂಡಿರಲಿಲ್ಲ.

ಆ ಒಂದು ಸಾಲನ್ನು ಡಾಯ್ಲ್‌ನ ಹೆಂಡತಿ ಲರ್ಲೀನ್ ಹತ್ತೊಂಬತ್ತು ವರ್ಷ ನಂಬಿದಳು.

ಲರ್ಲೀನ್ ಕಾಲುಚೀಲದ ಗಿರಣಿಯಲ್ಲಿ ಹೆಣಿಗೆ ಯಂತ್ರಗಳ ನಡುವೆ ಕೆಲಸ ಮಾಡಿದವಳು. ಪಿಸುಗುಟ್ಟಿದರೂ ಆಚೆ ದಡಕ್ಕೆ ಕೇಳುತ್ತದೆ. ಗಂಡನ ಹೆಸರಿನಲ್ಲಿ ನಮ್ಮ ಗಾಳ ಹಾಕುವವರ ಸಂಘ ಪ್ರತಿ ಏಪ್ರಿಲ್ ನಡೆಸುವ ಸ್ಪರ್ಧೆಯಲ್ಲಿ ಗೆದ್ದವನಿಗೆ ಬಟ್ಟಲು ಕೊಡುವವಳು ಅವಳೇ. ಕೊಡುವ ಮೊದಲು ಆ ಕೆಂಪು ದಾರವನ್ನು ಎತ್ತಿ ಹಿಡಿದು ಪ್ರತಿ ವರ್ಷ ಅದೇ ಮಾತು ಹೇಳುತ್ತಿದ್ದಳು.

"ಇದು ನನ್ನ ಗಂಡನ ಮೊಣಕಾಲ ಪಕ್ಕದಲ್ಲೇ ಇತ್ತು. ಕಟ್ಕೊಳ್ಳೋಕೆ ಒಂದು ನಿಮಿಷ ಬೇಡ. ಆ ಒಂದು ನಿಮಿಷದಷ್ಟೂ ನಾನು ಅವನಿಗೆ ನೆನಪಾಗ್ಲಿಲ್ಲ. ನೀವಾದ್ರೂ ನಿಮ್ಮ ಹೆಂಡ್ತೀರನ್ನ ನೆನೆಸ್ಕೊಳ್ಳಿ."

ಮೇ ತಿಂಗಳ ಎರಡನೆಯ ಭಾನುವಾರ ನಮ್ಮಲ್ಲಿ ಸಮಾಧಿಗಳಿಗೆ ಹೂವಿಡುವ ದಿನ. ಅವತ್ತು ಲರ್ಲೀನ್ ಅತ್ತೆಮಾವನಿಗೆ, ಸ್ವಂತ ಅಪ್ಪನಿಗೆ, ಹೆಸರೇ ಇಲ್ಲದೆ ತೀರಿಹೋದ ನಾದಿನಿಯ ಕೂಸಿಗೆ ಕೂಡ ಹೂವಿಡುತ್ತಿದ್ದಳು. ಗಂಡನ ಕಲ್ಲಿನ ಸುತ್ತ ಕಸ ಗುಡಿಸುತ್ತಿದ್ದಳು, ಅಷ್ಟೇ. ಅದಕ್ಕೆ ಹೂವಿಡುತ್ತಿದ್ದವನು ವರ್ಲನ್. ಒಳ್ಳೆಯ ಅಣ್ಣ ಎಂದು ನಾವೆಲ್ಲ ಹೊಗಳಿದೆವು.

ಅವನು ಸ್ಪರ್ಧೆಯ ದಿನ ಮಾತ್ರ ಊರಲ್ಲಿ ಇರುತ್ತಿರಲಿಲ್ಲ. ಹಲ್ಲುನೋವು, ಪಕ್ಕದ ಜಿಲ್ಲೆಯಲ್ಲಿ ಮದುವೆ, ಏನೋ ಒಂದು. 1998ರ ಮಾರ್ಚ್‌ನಲ್ಲಿ ಅವನು ನೇರಳೆ ಹುಳದ ಪೊಟ್ಟಣ ಹಿಡಿದು ನಿಂತಿದ್ದಾಗ ಲರ್ಲೀನ್ ಅಂಗಡಿಗೆ ಬಂದಳು.

"ವರ್ಲನ್, ನನ್ನ ಮೊಣಕಾಲು ಹೋಯ್ತು. ಬಟ್ಟಲು ಕೊಡೋಕೆ ಆ ವೇದಿಕೆ ಮೆಟ್ಲು ಹತ್ತೋದು ಇದೇ ಕೊನೇ ವರ್ಷ. ಈ ಸಲ ನೀನು ಇರ್ತೀಯ."

"ಆ ವಾರ ನಂಗೆ—"

"ಹಲ್ಲುನೋವು ಅಂತ ಮಾತ್ರ ಅನ್ಬೇಡ. ಇಷ್ಟು ವರ್ಷ ನೋಯ್ಸಿದ ಮೇಲೆ ನಿನ್ನ ಬಾಯಲ್ಲಿ ಹಲ್ಲೇ ಉಳಿದಿರಬಾರ್ದು. ನಿನ್ನ ತಮ್ಮನ ಹೆಸರಿನ ಬಟ್ಟಲು. ಒಂದು ಸಲ ಬಾ. ಗೆಲ್ಲು ಅಂತಿಲ್ಲ, ಬಾ ಅಂತಿದೀನಿ."

ವರ್ಲನ್ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಅದರಲ್ಲಿ ಉತ್ತರ ಅಚ್ಚಾಗಿದೆಯೇನೋ ಎಂಬಂತೆ. ಕೊನೆಗೆ, "ಆಯ್ತು ಲರ್ಲೀನ್," ಎಂದ.

ನನಗೆ ಖುಷಿಯಾಯಿತು. ನಾನು ಸಂಘದ ಕಾರ್ಯದರ್ಶಿ. ಒಂದು ಹೆಸರು ಹೆಚ್ಚಾಯಿತೆಂದು ಅಲ್ಲೇ ಬರೆದುಕೊಂಡೆ. ನನ್ನ ಬುದ್ಧಿ ಓಡುವುದು ಅಷ್ಟು ದೂರ.

ಸ್ಪರ್ಧೆಯ ಬೆಳಿಗ್ಗೆ ನಲವತ್ತು ದೋಣಿಗಳು ಗುಡುಗುಟ್ಟಿ ಹೋದವು. ಅವುಗಳಲ್ಲಿ ಎಲ್ಲಕ್ಕಿಂತ ಜೋರಿನದು ಟ್ರೇ ಹ್ಯಾಂಬ್ರಿಕ್‌ನದು. ಇಪ್ಪತ್ತಾರರ ಹುಡುಗ, ಅಂಗಿಯ ಮೇಲೆ ಹನ್ನೊಂದು ಕಂಪನಿಗಳ ಹೆಸರು, ಹಲಗೆಯ ಮೇಲೆ ಹದಿನೆಂಟು ಕೋಲು, ಕೆರೆಯ ತಳ ತೋರಿಸುವ ಎರಡು ಪರದೆಗಳು. ಎಲ್ಲರಿಗಿಂತ ಹಿಂದೆ ವರ್ಲನ್ ಹುಟ್ಟು ಹಾಕುತ್ತಾ ಹೊರಟ.

"ಮಿಸ್ಟರ್ ವರ್ಲನ್," ಎಂದು ಟ್ರೇ ಕೂಗಿದ, "ಹಗ್ಗ ಎಸೀಲಾ? ಎಳ್ಕೊಂಡು ಹೋಗ್ತೀನಿ. ಇಲ್ದಿದ್ರೆ ನೀವು ಮುಟ್ಟೋ ಹೊತ್ತಿಗೆ ನಾವು ಊಟ ಮುಗಿಸಿರ್ತೀವಿ."

"ನಾನು ದೂರ ಹೋಗಲ್ಲಪ್ಪ. ನಮ್ಮ ತಾತನ ಹೊಲಕ್ಕೆ ಹೋಗ್ತೀನಿ."

ಅದು ತಮಾಷೆಯಲ್ಲ. 1952ರಲ್ಲಿ ಅಣೆಕಟ್ಟು ಕಟ್ಟಿದಾಗ ಅವರ ತಾತನ ಹೊಲ, ಕೊಟ್ಟಿಗೆ, ಬಾವಿ ಎಲ್ಲ ಮುಳುಗಿದವು. ಆಗ ವರ್ಲನ್‌ಗೆ ಹದಿನಾಲ್ಕು. ಟ್ರೇಯ ಪರದೆಯಲ್ಲಿ ಕೆಳಗೆ ಏನೋ ಗಡ್ಡೆಯಂತೆ ಕಾಣುವುದು ವರ್ಲನ್‌ಗೆ ಕೊಟ್ಟಿಗೆಯ ಮೂಲೆಗಲ್ಲು. ಬೇಲಿ ಎಲ್ಲಿ ತಿರುಗುತ್ತಿತ್ತು, ಹಂದಿಗಳ ಗೂಡು ಎಲ್ಲಿತ್ತು ಎಂದು ಗುಡ್ಡದ ಎರಡು ಗುರುತು ನೋಡಿ ಹೇಳುತ್ತಿದ್ದ. ಏಪ್ರಿಲ್‌ನಲ್ಲಿ ದೊಡ್ಡ ಬ್ಯಾಸ್‌ಗಳು ಗೂಡು ಕಟ್ಟಲು ಕಲ್ಲಿನ ಹತ್ತಿರ ಬರುತ್ತವೆ. ಅಲ್ಲಿ ಅವನು ಹುಳವನ್ನು ಸುಮ್ಮನೆ ಇಳಿಬಿಟ್ಟು ಕೂರುತ್ತಿದ್ದ. ನಾವು ಆ ಹೊತ್ತಿಗೆ ಆರು ಸಲ ಹುಸಿಮೀನು ಬದಲಿಸಿ, ನಾಲ್ಕು ಸಲ ಜಾಗ ಬದಲಿಸಿ, ಒಂದು ಸಲ ಹವೆಯನ್ನು ಬೈದಿರುತ್ತೇವೆ.

ಮಧ್ಯಾಹ್ನ ಮೂರಕ್ಕೆ ತೂಕ. ಒಬ್ಬನಿಗೆ ಐದು ಮೀನು, ಜೀವಂತವಾಗಿರಬೇಕು. ಟ್ರೇ ಹತ್ತೊಂಬತ್ತು ಪೌಂಡು ಇಟ್ಟು ಕೈ ಎತ್ತಿ ಪಟ ತೆಗೆಸಿಕೊಂಡ. ಕೊನೆಗೆ ವರ್ಲನ್ ಒದ್ದೆ ಗೋಣಿ ಮುಚ್ಚಿದ ತೊಟ್ಟಿ ಹೊತ್ತು ಬಂದ. ಇಪ್ಪತ್ಮೂರೂವರೆ ಪೌಂಡು. ತಕ್ಕಡಿಯ ಮುಂದೆ ನಿಂತಿದ್ದ ನಾನು ಮುಳ್ಳನ್ನು ಬೆರಳಿಂದ ತಟ್ಟಿ ಮತ್ತೆ ನೋಡಿದೆ.

ವರ್ಲನ್‌ನ ಮುಖ ಗೆದ್ದವನ ಮುಖದಂತಿರಲಿಲ್ಲ.

"ಐದನೇದನ್ನ ಬಿಟ್ಟುಬಿಡಬೇಕಿತ್ತು," ಎಂದು ನನಗೆ ಮಾತ್ರ ಕೇಳುವಂತೆ ಹೇಳಿದ. "ಡಾಯ್ಲ್ ಕೆತ್ತಿದ್ದಕ್ಕೆ ಕಚ್ಚಿತು. ಬಿಡೋಕೆ ಮನಸ್ಸು ಬರ್ಲಿಲ್ಲ."

ಗೆದ್ದವನು ಸುಳ್ಳು ಹಿಡಿಯುವ ಯಂತ್ರದ ಮುಂದೆ ಕೂರಬೇಕು. ನಮ್ಮ ಕಡೆಯ ಸ್ಪರ್ಧೆಗಳಲ್ಲಿ ಇದು ಹೊಸದಲ್ಲ. ಮೀನಿನ ಹೊಟ್ಟೆಗೆ ಸೀಸದ ಗುಂಡು ತುರುಕುವವರು, ಹಿಂದಿನ ದಿನವೇ ಹಿಡಿದು ಬಲೆಯಲ್ಲಿ ಕಟ್ಟಿಟ್ಟುಕೊಳ್ಳುವವರು ಇದ್ದಾರೆ. ಎಲ್ಲರೂ ಭಾನುವಾರ ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವವರೇ. ಒಂದು ಕೋಲು, ಎರಡು ಹುಸಿಮೀನು ಇಟ್ಟುಕೊಂಡು ಇಪ್ಪತ್ಮೂರೂವರೆ ಹೇಗೆ ಎಂದು ಆಗಲೇ ಗುಸುಗುಸು ಶುರುವಾಗಿತ್ತು. ಟ್ರೇ ಗುಸುಗುಸು ಅನ್ನಲಿಲ್ಲ, ಎದುರಿಗೇ ಅಂದ.

"ಯಂತ್ರ ಏನನ್ನುತ್ತೆ ನೋಡೋಣ ಸರ್. ತಪ್ಪು ತಿಳ್ಕೋಬೇಡಿ."

"ನೋಡೋಣಪ್ಪ," ಎಂದ ವರ್ಲನ್.

ಅಗ್ನಿಶಾಮಕ ಠಾಣೆಯ ಹಿಂದಿನ ಕೋಣೆಯಲ್ಲಿ ಕ್ರೆನ್‌ಶಾ ಎಂಬ ನಿವೃತ್ತ ಪೊಲೀಸಿನವನು ಅವನ ಎದೆಗೆ ಪಟ್ಟಿ ಸುತ್ತಿ, ಬೆರಳುಗಳಿಗೆ ಕ್ಲಿಪ್ಪು ಹಾಕಿದ. ಸಂಘದ ಸಾಕ್ಷಿಯೆಂದು ನಾನು ಮೂಲೆಯಲ್ಲಿ ಕೂತೆ. ಪ್ರಶ್ನೆಗಳು ಹತ್ತು. ಏಳನೆಯದನ್ನು ಹತ್ತೊಂಬತ್ತು ವರ್ಷದ ಹಿಂದೆ, ಲರ್ಲೀನ್ ಮೇಜು ಗುದ್ದಿ ಕೇಳಿದ್ದಕ್ಕೆ, ಬರೆದವನು ನಾನೇ. ಎಂಜಿನ್ ಓಡುವಾಗಲೆಲ್ಲ ಚಾಲಕನ ಮೈಗೆ ದಾರ ಕಟ್ಟಿತ್ತೇ?

ಮೊದಲೇ ಪಟ್ಟಿ ಓದಿ ತೋರಿಸಿದಾಗ ವರ್ಲನ್, "ನನ್ನ ದೋಣಿಗೆ ಎಂಜಿನ್ನೇ ಇಲ್ಲ. ಅದನ್ನ ಬಿಟ್ಟುಬಿಡಿ," ಎಂದ.

"ಪಟ್ಟಿಯಲ್ಲಿದ್ದದ್ದು ಓದಲೇಬೇಕು," ಎಂದ ಕ್ರೆನ್‌ಶಾ. "ಹೌದು ಅಂದ್ಬಿಡಿ, ಮುಗೀತು."

"ಬಿಟ್ರೆ ಒಳ್ಳೇದಿತ್ತು."

"ಓದಲೇಬೇಕು ಸರ್."

ಮೀನು ಇವತ್ತೇ ಹಿಡಿದದ್ದೇ? ಹೌದು. ನೀವೇ ಹಿಡಿದದ್ದೇ? ಹೌದು. ಸೀಸ ತುರುಕಿದ್ದೀರಾ? ಇಲ್ಲ. ಸೂಜಿಗಳು ಕಾಗದದ ಮೇಲೆ ತೂಕಡಿಸುತ್ತಾ ಹೋದವು. ಏಳನೆಯ ಪ್ರಶ್ನೆ ಬಂತು. ವರ್ಲನ್ "ಹೌದು" ಎಂದ. ಮೂರು ಸೂಜಿಗಳು ಒಟ್ಟಿಗೆ ಮೇಲೆದ್ದವು. ಕ್ರೆನ್‌ಶಾ ಹುಬ್ಬು ಗಂಟಿಕ್ಕಿ, ಪಟ್ಟಿ ಮುಗಿಸಿ, ಮತ್ತೊಮ್ಮೆ ಮೊದಲಿಂದ ಕೇಳಿದ. ಏಳನೆಯದಕ್ಕೆ ಮತ್ತೆ ಅದೇ. ಮೂರನೆಯ ಸಲವೂ ಅದೇ.

"ಇದನ್ನ ನಾನು ಪಾಸ್ ಅನ್ನೋಕಾಗಲ್ಲ," ಎಂದ ಅವನು, ನನ್ನ ಕಡೆ ನೋಡಿ. "ಯಾಕೆ ಅಂತಲೂ ಗೊತ್ತಾಗ್ತಿಲ್ಲ."

ನಾನು ನಕ್ಕೆ. ನಕ್ಕದ್ದನ್ನು ಇಲ್ಲಿ ಬರೆಯಲೇಬೇಕು. ಬಾಗಿಲು ತೆರೆದು ಹೊರಗಿದ್ದ ಟ್ರೇಯನ್ನೂ ಲರ್ಲೀನ್‌ಳನ್ನೂ ಒಳಗೆ ಕರೆದೆ. ಅವಳ ಕೈಯಲ್ಲಿ ಭಾಷಣದ ಕೆಂಪು ದಾರವಿತ್ತು.

"ಕೇಳಿ ಇಲ್ಲಿ. ಎಂಜಿನ್ ಇಲ್ಲದ ದೋಣಿಯವನು ಎಂಜಿನ್ನಿನ ಪ್ರಶ್ನೆಯಲ್ಲಿ ಫೇಲು. ಮೀನಿನ ಪ್ರಶ್ನೆ ಎಲ್ಲ ಸರಿಯಾಗಿದೆ. ಸಂಘದ ಪರವಾಗಿ ನಾನು ಆ ಏಳನೇದನ್ನ ಹೊಡೆದುಹಾಕ್ತಿದೀನಿ."

ಟ್ರೇಯ ಕಿವಿ ಕೆಂಪಾಯಿತು. "ನಂದೇನೂ ತಕರಾರಿಲ್ಲ. ಗೆದ್ದಿದ್ದು ಮಿಸ್ಟರ್ ವರ್ಲನ್ನೇ."

"ಬಾರೋ ವರ್ಲನ್," ಎಂದಳು ಲರ್ಲೀನ್. ಅವಳೂ ನಗುತ್ತಿದ್ದಳು. "ಡಾಯ್ಲ್ ಇದ್ದಿದ್ರೆ ಇದಕ್ಕೆ ನಿನ್ನ ಒಂದು ವರ್ಷ ಗೋಳು ಹುಯ್ಕೋತಿದ್ದ."

ವರ್ಲನ್ ಎದೆಯ ಪಟ್ಟಿಯನ್ನೂ ಬಿಚ್ಚದೆ ಕೂತಿದ್ದ.

"ಹೊಡೆದುಹಾಕಬೇಡ ಹೋಯ್ಟ್. ಯಂತ್ರ ಸರಿಯಾಗೇ ಹೇಳ್ತು." ಆಮೇಲೆ ಲರ್ಲೀನ್‌ಳ ಕೈಯಲ್ಲಿದ್ದ ದಾರವನ್ನೇ ನೋಡುತ್ತಾ ಹೇಳಿದ. "ಅವತ್ತು ಅದು ಗುಂಡೀಲಿರ್ಲಿಲ್ಲ. ಪೆಟ್ಟಿಗೇಲಿತ್ತು. ತೆಗೆದು ಹಾಕಿದ್ದೋನು ನಾನು. ಬಿಡಿ ಕೊಂಡಿ ಸಿಕ್ಕಿಸಿದ್ದೋನೂ ನಾನೇ. ಅವರು ಬರೋ ಮೊದ್ಲು ಇದನ್ನ ಅಲ್ಲಿ ನೇತುಹಾಕಿದೆ."

ಹೊರಗೆ ಯಾರೋ ಮೀನು ಕರಿಯುತ್ತಿದ್ದ ಎಣ್ಣೆಯ ಸದ್ದು ಕೇಳಿಸುತ್ತಿತ್ತು. ಟ್ರೇ ಟೋಪಿ ತೆಗೆದು ಗೋಡೆ ಸೇರಿ ನಿಂತ.

"ಡಾಯ್ಲ್ ಕೇಳಿದ್ನಾ?" ಎಂದಳು ಲರ್ಲೀನ್. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಕೇಳ್ದ."

"ಏನಂತ?"

"'ದಾರ ಎಲ್ಲಣ್ಣಾ' ಅಂದ."

"ನೀನೇನಂದೆ?"

"ಹೊತ್ತಾಯ್ತು, ಹೋಗು ಅಂದೆ."

ಅವಳ ಮೊಣಕಾಲು ನೋಯುತ್ತಿದೆಯೆಂದು ನಾನು ಕುರ್ಚಿ ಎಳೆದುಕೊಟ್ಟೆ. ಅವಳು ಅದನ್ನು ನೋಡಲೇ ಇಲ್ಲ.

"ಹತ್ತೊಂಬತ್ತು ವರ್ಷ," ಎಂದಳು. "ಮೈಕ್ ಹಿಡ್ಕೊಂಡು, ಊರೆಲ್ಲ ಕೇಳೋ ಹಾಗೆ, ಅವನನ್ನ ಬೈದೆ. ನೀನು ಬೈಸಿದೆ."

"ಹೌದು."

"ಅದಕ್ಕೇನಾ ಆ ಒಂದೇ ಕೋಲು?"

"ಎರಡನೇದು ಕೈಲಿ ಹಿಡಿಯೋಕಾಗಲ್ಲ ಲರ್ಲೀನ್."

"ಅದು ನಿನಗೆ ಸಮಾಧಾನ ತಂದಿದ್ದು. ನನಗೇನು ತಂತು?"

ಅವಳು ಹೊರಗೆ ಹೋಗಿ ವೇದಿಕೆಯ ಮೆಟ್ಟಿಲು ಹತ್ತಿದಳು. ಬಟ್ಟಲನ್ನು ಟ್ರೇಯ ಕೈಗೆ ಕೊಟ್ಟಳು. ಅವನು ಅದನ್ನು ಬಿಸಿ ಪಾತ್ರೆಯಂತೆ ಹಿಡಿದುಕೊಂಡ. ಜನ ಭಾಷಣಕ್ಕೆ ಕಾದರು. ಅವಳು ದಾರ ಎತ್ತಿ ಹಿಡಿದು, ಬಾಯಿ ತೆರೆದು, ಮುಚ್ಚಿ, ಕೊನೆಗೆ "ಅವನು ಕೇಳಿದ್ದ," ಎಂದಷ್ಟೇ ಹೇಳಿ ಇಳಿದುಬಂದಳು. ಯಾರಿಗೂ ಅರ್ಥವಾಗಲಿಲ್ಲ. ಸಂಜೆಯೊಳಗೆ ಎಲ್ಲರಿಗೂ ಅರ್ಥವಾಯಿತು.

ಎಲ್ಲರೂ ಹೋದ ಮೇಲೆ ನಾನು ವರ್ಲನ್‌ನ ದೋಣಿಯನ್ನು ಗಾಡಿಗೆ ಏರಿಸಲು ಕೈಹಚ್ಚಿದೆ. ಏನಾದರೂ ತಮಾಷೆ ಹೇಳಿ ಗಾಳಿ ಹಗುರ ಮಾಡೋಣವೆಂದು ಹುಡುಕಿದೆ. ಜೀವಮಾನವೆಲ್ಲ ನನಗೆ ಬಂದದ್ದು ಅದೊಂದೇ ವಿದ್ಯೆ. ಬರಲಿಲ್ಲ. ಬದಲಿಗೆ ಒಂದು ಪ್ರಶ್ನೆ ಬಂತು.

"ಆ ಬಿಡಿ ಕೊಂಡಿ ನಿನಗೆಲ್ಲಿ ಸಿಕ್ತು?"

ಅವನು ಹುಟ್ಟುಗಳನ್ನು ಒಳಗಿಟ್ಟ. "ಬಿಡು ಹೋಯ್ಟ್."

"ಎಲ್ಲಿ?"

"ನಿನ್ನ ಗಲ್ಲಾಪೆಟ್ಟಿಗೆ ಪಕ್ಕದ ಮೊಳೇಲಿ. ಚೂಯಿಂಗ್ ಗಮ್ ಕೆಳಗೆ ತೂಗ್ತಿತ್ತಲ್ಲ."

ತೂಗುತ್ತಿತ್ತು. ಅವತ್ತೂ ತೂಗುತ್ತಿತ್ತು. ದಾರ ಕಳೆದುಹೋದವರಿಗೆ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಕೊಳ್ಳುವವರಲ್ಲಿ ದಾರ ಕಳೆದುಕೊಂಡವನು ಒಬ್ಬನೂ ಇರಲಿಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಒಂದು ಕೈಯಲ್ಲಿ ಏಳನೆಯ ಪ್ರಶ್ನೆ ಬರೆದ ನಾನು ಇನ್ನೊಂದು ಕೈಯಲ್ಲಿ ಹತ್ತೊಂಬತ್ತು ವರ್ಷ ಕೊಂಡಿ ಮಾರಿದ್ದೆ. ನನ್ನನ್ನು ಆ ಯಂತ್ರದ ಮುಂದೆ ಯಾರೂ ಕೂರಿಸಿರಲಿಲ್ಲ, ಏಕೆಂದರೆ ನಾನು ಒಂದು ಸಲವೂ ಗೆದ್ದಿರಲಿಲ್ಲ. ಮೊಳೆ ಈಗಲೂ ಇದೆ, ಖಾಲಿಯಾಗಿ.

ಮೇ ತಿಂಗಳ ಎರಡನೆಯ ಭಾನುವಾರ ಬಂತು. ಗುಡ್ಡದ ಮೇಲಿನ ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿ, ಉದ್ದನೆಯ ಮೇಜುಗಳ ಮೇಲೆ ಊಟದ ಡಬ್ಬಿಗಳನ್ನು ಜೋಡಿಸಿಟ್ಟು, ಎಲ್ಲರೂ ಹೂವು ಹಿಡಿದು ಸಮಾಧಿಗಳ ಕಡೆ ನಡೆದರು. ವರ್ಲನ್ ಪ್ರತಿ ವರ್ಷದಂತೆ ಒಂದು ಕುಂಡ ತಂದಿದ್ದ, ಕೆಂಪು ಜೆರೇನಿಯಂ. ಬೇಲಿಯ ಬಾಗಿಲಿನಲ್ಲಿ ಅವನಿಗೆ ಯಾರೂ ನಮಸ್ಕಾರ ಹೇಳಲಿಲ್ಲ. ದಾರಿಯನ್ನೂ ತಡೆಯಲಿಲ್ಲ. ನಾನು ಹಿಂದೆಯೇ ಇದ್ದೆ.

ಡಾಯ್ಲ್‌ನ ಕಲ್ಲಿನ ಹತ್ತಿರ ಲರ್ಲೀನ್ ಮೊಣಕಾಲೂರಿ ಕೂತಿದ್ದಳು, ಆ ನೋಯುವ ಕಾಲಿನಲ್ಲಿ. ಸುತ್ತ ಬಕೆಟ್‌ಗಳು: ಪಿಯೋನಿ, ಐರಿಸ್, ಕಾಡುಗುಲಾಬಿ, ಯಾರ ಯಾರದೋ ಅಂಗಳದಿಂದ ಕಿತ್ತು ತಂದದ್ದು. ಕಲ್ಲಿನ ಹೆಸರು ಕೂಡ ಕಾಣದಂತೆ ಅವಳು ಹೂವು ಪೇರಿಸುತ್ತಿದ್ದಳು. ಒಟ್ಟಿಗೆ ಹತ್ತೊಂಬತ್ತು ವರ್ಷದ್ದು.

ವರ್ಲನ್ ಕುಂಡ ಹಿಡಿದು ಎರಡು ಹೆಜ್ಜೆ ದೂರ ನಿಂತ. ಅವಳು ತಲೆ ಎತ್ತಲಿಲ್ಲ.

"ಇಲ್ಲಿ ಜಾಗ ಇಲ್ಲ ವರ್ಲನ್."

"ಕಾಲ ಹತ್ರ, ಮೂಲೇಲಿ—"

"ಇಲ್ಲ. ಇನ್ಮೇಲೆ ನಾನು ಇಡ್ತೀನಿ. ಇದು ನನ್ನ ಕೆಲಸ, ಇಷ್ಟು ದಿನ ನೀನು ಇಟ್ಕೊಂಡಿದ್ದೆ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ.

ಅವನು ತಿರುಗಿದ. ಅರವತ್ತು ವರ್ಷದ ಗಂಡಸು, ಕೈಯಲ್ಲಿ ಹೂವಿನ ಕುಂಡ, ಅದನ್ನು ಎಲ್ಲಿಡಬೇಕೆಂದು ಗೊತ್ತಿಲ್ಲದೆ ಸಮಾಧಿಗಳ ಸಾಲಿನ ನಡುವೆ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ನಡೆದ. ಅಪ್ಪ ಅಮ್ಮನ ಕಲ್ಲುಗಳ ಮೇಲೆ ಆಗಲೇ ಲರ್ಲೀನ್‌ಳ ಹೂವಿತ್ತು. ಕೊನೆಗೆ ನನ್ನ ಅಮ್ಮನ ಕಲ್ಲಿನ ಮುಂದೆ ನಿಂತು ನನ್ನ ಮುಖ ನೋಡಿದ. ನಾನು ಅವತ್ತು ಹೂವು ತರುವುದನ್ನು ಮರೆತಿದ್ದೆ, ಪ್ರತಿ ವರ್ಷದಂತೆ. ನನ್ನ ಅಮ್ಮನಿಗೆ ಗಾಳ ಹಾಕುವವರನ್ನು ಕಂಡರೆ ಆಗುತ್ತಿರಲಿಲ್ಲ, ಸ್ವಂತ ಮಗನೂ ಸೇರಿ.

"ಇಡು," ಎಂದೆ.

ಅವನು ಬಗ್ಗಿ ಕುಂಡ ಇಟ್ಟ, ವಾಲದಂತೆ ಅದರ ಬುಡಕ್ಕೆ ಒಂದು ಚಪ್ಪಟೆ ಕಲ್ಲು ಕೊಟ್ಟ. ಆಮೇಲೆ ಊಟಕ್ಕೆ ನಿಲ್ಲದೆ ಗುಡ್ಡ ಇಳಿದು ಹೋದ.